ರಫ್ತು ಜೋರಾಗಿದ್ದರೂ ಡಾಲರ್ ಖಾಲಿ: 1997ರ ದಕ್ಷಿಣ ಕೊರಿಯಾ

1997ರ ಡಿಸೆಂಬರ್ 18. ದಕ್ಷಿಣ ಕೊರಿಯಾದ ಜನ ಹೊಸ ಅಧ್ಯಕ್ಷರನ್ನು ಆರಿಸಲು ಮತಗಟ್ಟೆಗೆ ಹೋದ ದಿನ. ಅವತ್ತು ಆ ದೇಶದ ಕೇಂದ್ರ ಬ್ಯಾಂಕಿನ ಹತ್ತಿರ ತಕ್ಷಣ ಖರ್ಚು ಮಾಡಬಹುದಾದ ವಿದೇಶಿ ಹಣ ಉಳಿದಿದ್ದದ್ದು 3.9 ಬಿಲಿಯನ್ ಡಾಲರ್. ಒಂದು ಬಿಲಿಯನ್ ಅಂದರೆ 100 ಕೋಟಿ. ಅದೇ ವರ್ಷ ಕೊರಿಯಾ ರಫ್ತಿನಿಂದ ಗಳಿಸಿದ್ದು 136 ಬಿಲಿಯನ್. ದಿನಕ್ಕೆ ಸರಾಸರಿ 37 ಕೋಟಿ ಡಾಲರ್ ಬೆಲೆಯ ಕಾರು, ಚಿಪ್, ಉಕ್ಕು, ಬಟ್ಟೆ ಹೊರಗೆ ಹೋಗುತ್ತಿತ್ತು. ಇಷ್ಟು ದುಡಿಯುವ ದೇಶದ ಬೊಕ್ಕಸದಲ್ಲಿ ಹನ್ನೊಂದು ದಿನದ ರಫ್ತಿಗೂ ಸಮನಾದ ಡಾಲರ್ ಇರಲಿಲ್ಲ.

ಇದು ಹೇಗಾಯಿತು ಅನ್ನೋದಕ್ಕೆ ಹಲವು ಉತ್ತರ ಹೇಳುತ್ತಾರೆ. ದೊಡ್ಡ ಉದ್ಯಮ ಮನೆತನಗಳ ದುರಾಸೆ, ರಾಜಕಾರಣಿಗಳ ಒತ್ತಡ, ಥಾಯ್ಲೆಂಡಿನಿಂದ ಹಬ್ಬಿದ ಭಯ. ಎಲ್ಲದರಲ್ಲೂ ಸತ್ಯ ಇದೆ. ಆದರೆ ಪ್ರಕರಣವನ್ನು ಬಿಡಿಸಿ ನೋಡಿದರೆ ನಡುವೆ ಸಿಗುವುದು ಒಂದೇ ವಿಷಯ: ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲ. ಅದನ್ನು ರಫ್ತು ಗಳಿಕೆಯ ಪಕ್ಕದಲ್ಲಿಟ್ಟು ನೋಡಿದವರಿಗೆ ಅಪಾಯ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅನ್ನೋದೇ ಈ ಬರಹದ ವಿಷಯ.

ಸಮಾಧಾನ ಕೊಟ್ಟ ಅಂಕೆ

1997ರ ಜೂನ್ ಕೊನೆಗೆ ವಿದೇಶಿ ಬ್ಯಾಂಕುಗಳು ಕೊರಿಯಾಕ್ಕೆ ಕೊಟ್ಟಿದ್ದ ಸಾಲ ಸುಮಾರು 103 ಬಿಲಿಯನ್ ಡಾಲರ್. ಇದು ಅಂತರರಾಷ್ಟ್ರೀಯ ಪಾವತಿ ಬ್ಯಾಂಕ್, ಅಂದರೆ ಬಿಐಎಸ್‌ನ ಲೆಕ್ಕ. ಅದರಲ್ಲಿ ಸುಮಾರು 70 ಬಿಲಿಯನ್‌ಗೆ ಒಂದು ವರ್ಷದೊಳಗಿನ ವಾಯಿದೆ ಇತ್ತು. 136 ಬಿಲಿಯನ್ ರಫ್ತಿಗೆ ಹೋಲಿಸಿದರೆ ಅಲ್ಪಾವಧಿ ಸಾಲ ಶೇ 51. ಅಂದರೆ ಆರು ತಿಂಗಳ ರಫ್ತು ಹಣ ಇದ್ದರೆ ಎಲ್ಲ ಅಲ್ಪಾವಧಿ ಸಾಲವೂ ತೀರುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ?

ಒಟ್ಟು ಸಾಲದ ಲೆಕ್ಕದಲ್ಲೂ ಕೊರಿಯಾ ಸುರಕ್ಷಿತ ಅಂತಲೇ ಕಾಣುತ್ತಿತ್ತು. ಸಾಲ ರಫ್ತಿನ ಶೇ 220 ದಾಟಿದರೆ ವಿಶ್ವಬ್ಯಾಂಕ್ ಆಗ ಆ ದೇಶವನ್ನು ತೀವ್ರ ಸಾಲಗಾರ ಅನ್ನುತ್ತಿತ್ತು. ಎಲ್ಲ ಸಾಲ ಸೇರಿಸಿದರೂ ಕೊರಿಯಾದ್ದು ಒಂದು ವರ್ಷದ ರಫ್ತಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1996ರ ಡಿಸೆಂಬರ್‌ನಲ್ಲಿ ಅದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗೂ ಸೇರಿತ್ತು. ತಲಾ ಆದಾಯ 10,000 ಡಾಲರ್ ದಾಟಿತ್ತು. ಇಂಥ ದೇಶಕ್ಕೆ ಸಾಲ ಕೊಡಲು ಯಾವ ಬ್ಯಾಂಕ್ ಹಿಂದೆಮುಂದೆ ನೋಡುತ್ತದೆ?

ಆದರೆ ಶೇ 51 ಅನ್ನುವ ಅಂಕೆಯಲ್ಲಿ ಒಂದು ತೊಡಕು ಇದೆ. ರಫ್ತಿನಿಂದ ಬಂದ ಡಾಲರ್ ಎಲ್ಲವೂ ಸಾಲ ತೀರಿಸಲು ಸಿಗುವುದಿಲ್ಲ. ಕೊರಿಯಾದಲ್ಲಿ ಕಚ್ಚಾ ತೈಲ ಸಿಗುವುದಿಲ್ಲ, ಎಲ್ಲವೂ ಹೊರಗಿನಿಂದ ಬರಬೇಕು. ಚಿಪ್ ಮಾಡುವ ಯಂತ್ರ, ಬಿಡಿಭಾಗ, ಕಬ್ಬಿಣದ ಅದಿರು ಎಲ್ಲವೂ ಆಮದು. 1997ರಲ್ಲಿ ಆಮದಿಗೆ ಹೋದದ್ದು ಸುಮಾರು 145 ಬಿಲಿಯನ್. ರಫ್ತಿಗಿಂತ 9 ಬಿಲಿಯನ್ ಹೆಚ್ಚು. ಆಮದು ನಿಲ್ಲಿಸಿದರೆ ಕಾರ್ಖಾನೆ ನಿಲ್ಲುತ್ತದೆ, ಕಾರ್ಖಾನೆ ನಿಂತರೆ ರಫ್ತೂ ನಿಲ್ಲುತ್ತದೆ. ಹಾಗಾಗಿ ಹಳೇ ಸಾಲಕ್ಕೆ ಕಟ್ಟಲು ರಫ್ತು ಗಳಿಕೆಯಲ್ಲಿ ಒಂದು ಡಾಲರೂ ಮಿಗುತ್ತಿರಲಿಲ್ಲ. ವಾಯಿದೆಗೆ ಬಂದ ಪ್ರತಿ ಸಾಲವನ್ನೂ ಹೊಸ ಸಾಲದಿಂದಲೇ ತೀರಿಸಬೇಕಿತ್ತು. ಕೊಟ್ಟವರು ವಾಯಿದೆ ಮುಂದಕ್ಕೆ ಹಾಕುತ್ತಾ ಹೋಗುವವರೆಗೆ ಇದು ನಡೆಯುತ್ತದೆ. ಅವರು ಬೇಡ ಅಂದ ದಿನ ರಫ್ತು ಎಷ್ಟಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಮೂರು ತಿಂಗಳ ಸಾಲ ಎಲ್ಲಿಂದ ಬಂತು

ಕೊರಿಯಾದ ಕಂಪನಿಗಳಿಗೆ ಬೇಕಾಗಿದ್ದದ್ದು ದೀರ್ಘಾವಧಿಯ ಹಣ. ಉಕ್ಕಿನ ಕಾರ್ಖಾನೆ, ಚಿಪ್ ಘಟಕ, ಕಾರು ಕಾರ್ಖಾನೆ ಯಾವುದೂ ಒಂದು ವರ್ಷದಲ್ಲಿ ಲಾಭ ಕೊಡುವಂಥದ್ದಲ್ಲ. ಹಾಗಿದ್ದರೂ ಅವರಿಗೆ ಸಿಕ್ಕಿದ್ದು ಅಲ್ಪಾವಧಿ ಹಣ. ಇದಕ್ಕೆ ಕಾರಣ ಸರ್ಕಾರದ ನಿಯಮವೇ.

1993ರ ನಂತರ ಕಿಮ್ ಯಂಗ್-ಸ್ಯಾಮ್ ಸರ್ಕಾರ ಹಣಕಾಸು ವಲಯವನ್ನು ತೆರೆಯಲು ಶುರು ಮಾಡಿತು. ಆದರೆ ಬಾಗಿಲು ತೆರೆದ ಕ್ರಮ ತಲೆಕೆಳಗಾಗಿತ್ತು. ಹೊರದೇಶದಿಂದ ದೀರ್ಘಾವಧಿ ಸಾಲ ತರಬೇಕಾದರೆ ಸರ್ಕಾರಕ್ಕೆ ವಿವರ ಕೊಟ್ಟು ಅನುಮತಿ ಪಡೆಯಬೇಕಿತ್ತು. ಬ್ಯಾಂಕುಗಳು ತರುವ ಅಲ್ಪಾವಧಿ ಸಾಲವನ್ನು ವ್ಯಾಪಾರದ ಮಾಮೂಲಿ ವ್ಯವಹಾರ ಅಂತ ಸುಲಭವಾಗಿ ಬಿಟ್ಟರು. ಬಡ್ಡಿಯ ಆಸೆಯೂ ಸೇರಿತು. ದೇಶದೊಳಗೆ ಕಂಪನಿ ಬಾಂಡ್‌ಗಳ ಬಡ್ಡಿ ಶೇ 12ರ ಆಸುಪಾಸಿನಲ್ಲಿತ್ತು. ಹೊರಗೆ ಡಾಲರ್ ಸಾಲ ಸುಮಾರು ಅದರ ಅರ್ಧ ಬಡ್ಡಿಗೆ ಸಿಗುತ್ತಿತ್ತು. ಕೊರಿಯಾದ ಹಣವಾದ ವಾನ್‌ನ ಬೆಲೆ ಹೆಚ್ಚು ಅಲ್ಲಾಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಭಯ ಇರಲಿಲ್ಲ.

ಇಲ್ಲಿ ಮರ್ಚೆಂಟ್ ಬ್ಯಾಂಕುಗಳ, ಅಂದರೆ ಕಂಪನಿಗಳಿಗೆ ಹಣ ಹೊಂದಿಸಿಕೊಡುವ ಬ್ಯಾಂಕುಗಳ ಪಾತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1994 ಮತ್ತು 1996ರಲ್ಲಿ ಎರಡು ಸುತ್ತಿನಲ್ಲಿ 24 ಸಣ್ಣ ಹಣಕಾಸು ಕಂಪನಿಗಳಿಗೆ ಮರ್ಚೆಂಟ್ ಬ್ಯಾಂಕ್ ಆಗಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಒಟ್ಟು ಸಂಖ್ಯೆ 30ಕ್ಕೆ ಏರಿತು. ಅಲ್ಲಿಯವರೆಗೆ ಊರೊಳಗಿನ ಕಂಪನಿಗಳ ಹುಂಡಿ ಕೊಂಡು ಮಾರಿ ಬದುಕುತ್ತಿದ್ದವರಿಗೆ ರಾತ್ರೋರಾತ್ರಿ ವಿದೇಶಿ ವಿನಿಮಯದ ಪರವಾನಗಿ ಸಿಕ್ಕಿತು. ಇವರು ಹೊರಗಿನಿಂದ ಮೂರು ತಿಂಗಳು, ಆರು ತಿಂಗಳ ಡಾಲರ್ ತಂದರು. ಅದನ್ನು ವರ್ಷಗಟ್ಟಲೆ ವಾಯಿದೆಗೆ ಸ್ವದೇಶದ ಕಂಪನಿಗಳಿಗೆ ಕೊಟ್ಟರು. ಉಳಿದದ್ದರಲ್ಲಿ ರಷ್ಯಾ, ಬ್ರೆಜಿಲ್, ಇಂಡೊನೇಷ್ಯಾಗಳ ಬಾಂಡ್ ಕೊಂಡರು. ಈ ಬ್ಯಾಂಕುಗಳು ತಂದ ವಿದೇಶಿ ಸಾಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಲ್ಪಾವಧಿಯದು. ಕೊಟ್ಟದ್ದರಲ್ಲಿ ಶೇ 80ಕ್ಕೂ ಜಾಸ್ತಿ ದೀರ್ಘಾವಧಿಯದು. ಮೂರು ತಿಂಗಳ ಕೈಗಡ ತಂದು ಅಡಿಕೆ ಸಸಿ ನೆಟ್ಟ ಹಾಗೆ. ಗೊನೆ ಬಿಡೋಕೆ ಐದಾರು ವರ್ಷ ಬೇಕು, ಸಾಲ ಕೊಟ್ಟವನು ನಾಲ್ಕನೇ ತಿಂಗಳಿಗೆ ಮನೆ ಬಾಗಿಲಲ್ಲಿ ನಿಂತಿರುತ್ತಾನೆ.

ಹಣ ತೆಗೆದುಕೊಂಡ ಕಂಪನಿಗಳ ಸ್ಥಿತಿಯೂ ಅಷ್ಟಕ್ಕಷ್ಟೇ. ಚೇಬೋಲ್ ಅಂತ ಕರೆಯುವ ಮೊದಲ 30 ಉದ್ಯಮ ಸಮೂಹಗಳ ಸಾಲ 1996ರ ಕೊನೆಗೆ ಅವರ ಸ್ವಂತ ಬಂಡವಾಳದ ಸುಮಾರು ನಾಲ್ಕು ಪಟ್ಟು. ಇಂಥವರಿಗೆ ವ್ಯಾಪಾರ ಒಂದು ವರ್ಷ ಕೈಕೊಟ್ಟರೂ ಸಾಕು, ಬಡ್ಡಿ ಕಟ್ಟಲು ಕಷ್ಟ.

ಆ ವರ್ಷ ಬಂದೇಬಿಟ್ಟಿತು. 1995ರಲ್ಲಿ ಕೊರಿಯಾದ ರಫ್ತು ಶೇ 30ರಷ್ಟು ಬೆಳೆದಿತ್ತು. 1996ರಲ್ಲಿ ಬೆಳೆದದ್ದು ಶೇ 4ಕ್ಕಿಂತ ಕಮ್ಮಿ. ಕಂಪ್ಯೂಟರ್ ಮೆಮೊರಿ ಚಿಪ್ಪಿನ ಬೆಲೆ ಬಿದ್ದದ್ದು ಮುಖ್ಯ ಕಾರಣ. 16 ಮೆಗಾಬಿಟ್ ಚಿಪ್ ಒಂದಕ್ಕೆ ಸುಮಾರು 50 ಡಾಲರ್ ಇದ್ದದ್ದು ವರ್ಷದೊಳಗೆ 10 ಡಾಲರ್ ಆಸುಪಾಸಿಗೆ ಬಂತು. ಮಾಡುವ ಚಿಪ್ ಅಷ್ಟೇ, ಬರುವ ಹಣ ಮಾತ್ರ ಐದರಲ್ಲಿ ಒಂದು ಪಾಲು. ಆ ವರ್ಷ ದೇಶದ ಚಾಲ್ತಿ ಖಾತೆಯ ಕೊರತೆ, ಅಂದರೆ ಸರಕು, ಸೇವೆ, ಬಡ್ಡಿಯ ಲೆಕ್ಕದಲ್ಲಿ ಒಳಗೆ ಬಂದದ್ದಕ್ಕಿಂತ ಹೊರಗೆ ಹೋದದ್ದು ಎಷ್ಟು ಹೆಚ್ಚು ಅನ್ನೋದು, ಸುಮಾರು 23 ಬಿಲಿಯನ್ ಡಾಲರಿಗೆ ಏರಿತು. ಅದನ್ನು ತುಂಬಿಸಿದ್ದರಲ್ಲಿ ದೊಡ್ಡ ಪಾಲು ಮತ್ತೆ ಅಲ್ಪಾವಧಿ ಸಾಲವೇ. ಸಾಲವನ್ನು ರಫ್ತಿನಿಂದ ಭಾಗಿಸುವ ಆ ಅನುಪಾತದಲ್ಲಿ ರಫ್ತು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು, ಸಾಲ ಏರುತ್ತಿತ್ತು. ನನ್ನ ಪ್ರಕಾರ ಎಚ್ಚರದ ಗಂಟೆ ಬಾರಿಸಬೇಕಿದ್ದದ್ದು ಆಗಲೇ, 1996ರಲ್ಲಿ. ಒಂದು ವರ್ಷ ಮೊದಲೇ.

ವಾಯಿದೆ ಮುಂದೂಡಲು ಒಪ್ಪದ ದಿನಗಳು

1997ರ ಜನವರಿಯಲ್ಲಿ ಹಾನ್ಬೊ ಉಕ್ಕಿನ ಕಂಪನಿ ದಿವಾಳಿಯಾಯಿತು. ಮಾರ್ಚ್‌ನಲ್ಲಿ ಸ್ಯಾಮ್ಮಿ, ಏಪ್ರಿಲ್‌ನಲ್ಲಿ ಜಿನ್ರೊ ಸಂಕಟಕ್ಕೆ ಸಿಕ್ಕವು. ಜುಲೈನಲ್ಲಿ ಕಾರು ಮಾಡುವ ಕಿಯಾ. ಅದೇ ಜುಲೈ 2ರಂದು ಥಾಯ್ಲೆಂಡ್ ತನ್ನ ಹಣವಾದ ಭಾತ್‌ನ ನಿಗದಿತ ಬೆಲೆಯನ್ನು ಕೈಬಿಟ್ಟಿತು. ಆಗಸ್ಟ್ 25ರಂದು ಕೊರಿಯಾ ಸರ್ಕಾರ ನಮ್ಮ ಬ್ಯಾಂಕುಗಳ ವಿದೇಶಿ ಸಾಲಕ್ಕೆ ನಾವು ಹೊಣೆ ಎಂದಿತು. ಸ್ವಲ್ಪ ದಿನ ನಡೆಯಿತು. ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಷೇರುಪೇಟೆ ಕುಸಿದ ಮೇಲೆ ಆ ಮಾತಿಗೂ ಬೆಲೆ ಉಳಿಯಲಿಲ್ಲ.

ಆಗ ಏನಾಯಿತು ಅಂತ ತಿಳಿಯಲು ಒಂದು ಸರಳ ಲೆಕ್ಕ ಹಾಕೋಣ. 70 ಬಿಲಿಯನ್ ಅಲ್ಪಾವಧಿ ಸಾಲ ಎಲ್ಲವೂ ಮೂರು ತಿಂಗಳ ವಾಯಿದೆಯದು ಅಂತಿಟ್ಟುಕೊಳ್ಳಿ. ಆಗ ತಿಂಗಳಿಗೆ ಸುಮಾರು 23 ಬಿಲಿಯನ್ ವಾಯಿದೆಗೆ ಬರುತ್ತದೆ. ಕೊಟ್ಟವರು ಹತ್ತರಲ್ಲಿ ಒಂಬತ್ತು ಪಾಲನ್ನು ಮುಂದೂಡಿದರೆ ಹೊರಗೆ ಹೋಗುವುದು 2.3 ಬಿಲಿಯನ್. ಹೇಗೋ ನಿಭಾಯಿಸಬಹುದು. ಮೂರರಲ್ಲಿ ಒಂದು ಪಾಲನ್ನು ಮಾತ್ರ ಮುಂದೂಡಿದರೆ? ಒಂದೇ ತಿಂಗಳಲ್ಲಿ 15 ಬಿಲಿಯನ್ ಹೊರಗೆ. ಕೊರಿಯಾದ ಇಡೀ ತಿಂಗಳ ರಫ್ತು ಆಗ ಸುಮಾರು 11 ಬಿಲಿಯನ್. ಇದು ಬರೀ ಉದಾಹರಣೆಯ ಲೆಕ್ಕ. ಆದರೆ ನಡೆದದ್ದು ಇದಕ್ಕೆ ತುಂಬ ಹತ್ತಿರ. ಅಕ್ಟೋಬರ್‌ನಲ್ಲಿ ದೊಡ್ಡ ಬ್ಯಾಂಕುಗಳ ವಾಯಿದೆ ಸಾಲದ ಹೆಚ್ಚಿನ ಪಾಲು ಮುಂದೂಡಲಾಗುತ್ತಿತ್ತು. ಡಿಸೆಂಬರ್ ಹೊತ್ತಿಗೆ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಇದರ ಜೊತೆ ಇನ್ನೊಂದು ಸಂಗತಿ ಸೇರಿತು. ಅದನ್ನು ಓದುವಾಗ ಈಗಲೂ ಸಿಟ್ಟು ಬರುತ್ತದೆ. ನವೆಂಬರ್ ಕೊನೆಗೆ ಸರ್ಕಾರದ ಲೆಕ್ಕದ ಪ್ರಕಾರ ವಿದೇಶಿ ವಿನಿಮಯ ಮೀಸಲು 24 ಬಿಲಿಯನ್ ಇತ್ತು. ಬಳಸಲು ಸಿಗುತ್ತಿದ್ದದ್ದು 7.3 ಬಿಲಿಯನ್. ಉಳಿದದ್ದು ಎಲ್ಲಿತ್ತು? ಹೆಚ್ಚಿನದು ಕೊರಿಯಾದ ಬ್ಯಾಂಕುಗಳದ್ದೇ ವಿದೇಶಿ ಶಾಖೆಗಳಲ್ಲಿ ಠೇವಣಿಯಾಗಿತ್ತು. ಆ ಶಾಖೆಗಳು ಆ ಡಾಲರಿನಿಂದ ತಮ್ಮ ಸಾಲ ತೀರಿಸಿಬಿಟ್ಟಿದ್ದವು. ಅಂದರೆ ಕಾಗದದ ಮೇಲೆ ಇದ್ದ ಹಣ ಆಗಲೇ ಖರ್ಚಾಗಿತ್ತು. ಸಾಲದ ಕಡೆಯೂ ಇದೇ ಕಥೆ. ಹಳೇ ಪದ್ಧತಿಯ ಲೆಕ್ಕದಲ್ಲಿ ಒಟ್ಟು ವಿದೇಶಿ ಸಾಲ 1996ರ ಕೊನೆಗೆ 100 ಬಿಲಿಯನ್‌ಗಿಂತ ಸ್ವಲ್ಪ ಹೆಚ್ಚು. ವಿದೇಶಿ ಶಾಖೆಗಳ ಸಾಲವನ್ನೂ ಸೇರಿಸಿದಾಗ 150 ಬಿಲಿಯನ್ ದಾಟಿತು. ಸಾಲ ಕಮ್ಮಿ ತೋರಿಸಿ, ಮೀಸಲು ಜಾಸ್ತಿ ತೋರಿಸಿದ ಮೇಲೆ ಯಾವ ಅನುಪಾತ ಹಾಕಿದರೂ ಏನು ಫಲ? ನಿಜವಾದ ಅಂಕೆ ಹೊರಬಿದ್ದಾಗ ಸಾಲ ಕೊಟ್ಟವರಲ್ಲಿ ಉಳಿದಿದ್ದವರೂ ಓಡಿದರು. ಮೊದಲೇ ಹೇಳಿದ್ದರೆ ಭಯ ಹುಟ್ಟುತ್ತಿತ್ತು, ಒಪ್ಪುತ್ತೇನೆ. ಆದರೆ ಆ ಭಯವನ್ನು ತಡೆದುಕೊಳ್ಳಲು ಆಗ ಕೈಯಲ್ಲಿ ಡಾಲರ್ ಇರುತ್ತಿತ್ತು.

ನವೆಂಬರ್ 19ರಂದು ಹಣಕಾಸು ಸಚಿವರನ್ನು ಬದಲಿಸಿದರು. 21ರಂದು ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ, ಅಂದರೆ ಐಎಂಎಫ್‌ನ ನೆರವು ಕೇಳಿತು. ಡಿಸೆಂಬರ್ 3ಕ್ಕೆ ಒಪ್ಪಂದವಾಯಿತು. ಐಎಂಎಫ್‌ನಿಂದ 21 ಬಿಲಿಯನ್, ವಿಶ್ವಬ್ಯಾಂಕ್‌ನಿಂದ 10, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ನಿಂದ 4, ಜೊತೆಗೆ ಶ್ರೀಮಂತ ದೇಶಗಳ ಭರವಸೆ. ಒಟ್ಟು 55 ಬಿಲಿಯನ್ ದಾಟಿದ ಈ ಮೊತ್ತ ಆಗ ದಾಖಲೆ. ಆದರೂ ವಾನ್ ಬೀಳುತ್ತಲೇ ಹೋಯಿತು. ಐಎಂಎಫ್ ಹಣ ಕಂತಿನಲ್ಲಿ ಬರುತ್ತದೆ, ಷರತ್ತು ನೋಡಿ ಬರುತ್ತದೆ. ವಿದೇಶಿ ಬ್ಯಾಂಕುಗಳು ಕೇಳುತ್ತಿದ್ದದ್ದು ಇವತ್ತಿನ ವಾಯಿದೆಯ ಹಣ. ಬಂದ ಡಾಲರ್ ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತಿತ್ತು. ವರ್ಷದ ಮೊದಲಿಗೆ ಡಾಲರಿಗೆ 850 ವಾನ್ ಸಮೀಪ ಇದ್ದದ್ದು ಕ್ರಿಸ್‌ಮಸ್ ಹೊತ್ತಿಗೆ 2,000ದ ಹತ್ತಿರ ಹೋಯಿತು.

ಕೊನೆಗೆ ಬೆಂಕಿ ಆರಿದ್ದು ಬೇರೆ ದಾರಿಯಿಂದ. ಅಮೆರಿಕ ಮತ್ತು ಇತರ ಶ್ರೀಮಂತ ದೇಶಗಳ ಸರ್ಕಾರಗಳು ತಮ್ಮ ತಮ್ಮ ಬ್ಯಾಂಕುಗಳನ್ನು ಕರೆದು ಕೂರಿಸಿದವು. ಎಲ್ಲರೂ ಒಟ್ಟಿಗೆ ವಾಯಿದೆ ಮುಂದೂಡಿ, ಒಬ್ಬರು ಓಡಿದರೆ ಎಲ್ಲರ ಹಣವೂ ಮುಳುಗುತ್ತದೆ ಅನ್ನೋದು ಅವರ ಮಾತು. ಡಿಸೆಂಬರ್ 24ರಂದು 10 ಬಿಲಿಯನ್ ಬೇಗ ಬಿಡುಗಡೆ ಮಾಡುವುದಾಗಿ ಘೋಷಣೆಯಾಯಿತು. 1998ರ ಜನವರಿ ಕೊನೆಗೆ ನ್ಯೂಯಾರ್ಕಿನಲ್ಲಿ ಒಪ್ಪಂದ ಕುದುರಿತು. ಕೊರಿಯಾದ ಬ್ಯಾಂಕುಗಳ ಅಲ್ಪಾವಧಿ ಸಾಲವನ್ನು ಒಂದು, ಎರಡು, ಮೂರು ವರ್ಷದ ಸಾಲವಾಗಿ ಬದಲಿಸುವುದು. ಬಡ್ಡಿ ಅಂತರರಾಷ್ಟ್ರೀಯ ದರಕ್ಕಿಂತ ಶೇ 2.25ರಿಂದ 2.75 ಜಾಸ್ತಿ. ಮೇಲೆ ಕೊರಿಯಾ ಸರ್ಕಾರದ ಖಾತರಿ. ಮಾರ್ಚ್ ಕೊನೆಗೆ 32 ದೇಶಗಳ 134 ಬ್ಯಾಂಕುಗಳು ಸೇರಿ ಸುಮಾರು 21.8 ಬಿಲಿಯನ್ ಬದಲಿಸಿಕೊಂಡವು.

ಗಮನಿಸಿ, ಇಲ್ಲಿ ಸಾಲ ಒಂದು ಡಾಲರೂ ಮನ್ನಾ ಆಗಲಿಲ್ಲ. ವಾಯಿದೆ ಮಾತ್ರ ಬದಲಾಯಿತು. ಅಷ್ಟಕ್ಕೇ ಪೇಟೆ ತಣ್ಣಗಾಯಿತು. ಕೊರಿಯಾಕ್ಕೆ ತೀರಿಸುವ ಶಕ್ತಿ ಇತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಖಾಸಗಿ ಬ್ಯಾಂಕುಗಳು ಮಾಡಿದ ಸಾಲಕ್ಕೆ ಕೊನೆಗೆ ಸರ್ಕಾರ, ಅಂದರೆ ಜನ, ಹೊಣೆಯಾದರು. ಸಾಲ ಕೊಟ್ಟ ವಿದೇಶಿ ಬ್ಯಾಂಕುಗಳಿಗೆ ಹೆಚ್ಚಿನ ಬಡ್ಡಿಯೂ ಸಿಕ್ಕಿತು, ಖಾತರಿಯೂ ಸಿಕ್ಕಿತು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಇದೇ ಮಾತುಕತೆ ನವೆಂಬರ್‌ನಲ್ಲೇ ನಡೆದಿದ್ದರೆ ಎಷ್ಟೋ ಕಂಪನಿಗಳು ಉಳಿಯುತ್ತಿದ್ದವು.

ಬೆಲೆ ಕೊಟ್ಟವರು

1998ರಲ್ಲಿ ಕೊರಿಯಾದ ಆರ್ಥಿಕತೆ ಶೇ 5ಕ್ಕೂ ಜಾಸ್ತಿ ಕುಗ್ಗಿತು. 1997ರಲ್ಲಿ ಶೇ 3ಕ್ಕಿಂತ ಕಡಿಮೆ ಇದ್ದ ನಿರುದ್ಯೋಗ ಶೇ 7ರ ಹತ್ತಿರ ಬಂತು. ಜೀವಮಾನದ ಕೆಲಸ ಅಂತ ನಂಬಿದ್ದವರು ಬೀದಿಗೆ ಬಂದರು. ಅಲ್ಲಿನ ಜನ ಈಗಲೂ ಆ ಕಾಲವನ್ನು ಐಎಂಎಫ್ ಕಾಲ ಅಂತಲೇ ಕರೆಯುತ್ತಾರೆ.

ಚಿನ್ನ ಕೊಡಿ ಅನ್ನುವ ಅಭಿಯಾನ ಶುರುವಾದಾಗ ಜನ ಬ್ಯಾಂಕುಗಳ ಮುಂದೆ ಸಾಲು ನಿಂತರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನೆಂಟರು ಕೊಟ್ಟ ಪುಟ್ಟ ಉಂಗುರ, ಆಟಗಾರರ ಪದಕ. ಸುಮಾರು 35 ಲಕ್ಷ ಜನ 220 ಟನ್‌ಗೂ ಹೆಚ್ಚು ಚಿನ್ನ ತಂದರು. ಅದನ್ನು ಕರಗಿಸಿ ಗಟ್ಟಿ ಮಾಡಿ ರಫ್ತು ಮಾಡಿದರು. ಸಿಕ್ಕಿದ್ದು 2 ಬಿಲಿಯನ್ ಡಾಲರಿಗಿಂತ ಸ್ವಲ್ಪ ಹೆಚ್ಚು. 70 ಬಿಲಿಯನ್ ಅಲ್ಪಾವಧಿ ಸಾಲದ ಎದುರು ಇದು ಶೇ 3. ಜನರ ಮನಸ್ಸು ಎಷ್ಟು ದೊಡ್ಡದು ಅಂತ ಇದರಿಂದ ಗೊತ್ತಾಗುತ್ತದೆ. ಕೆಲವೇ ವರ್ಷದಲ್ಲಿ ಬ್ಯಾಂಕುಗಳು ಮಾಡಿಟ್ಟ ಗುಂಡಿ ಎಷ್ಟು ಆಳ ಅಂತಲೂ ಗೊತ್ತಾಗುತ್ತದೆ.

1998ರಲ್ಲಿ ಆಮದು ಕುಸಿದು 93 ಬಿಲಿಯನ್‌ಗೆ ಇಳಿಯಿತು, ರಫ್ತು 132 ಬಿಲಿಯನ್‌ನಲ್ಲಿ ನಿಂತಿತು. ಚಾಲ್ತಿ ಖಾತೆಯಲ್ಲಿ ಸುಮಾರು 40 ಬಿಲಿಯನ್ ಮಿಗುತಾಯ. ಆಮದು ಕಡಿಮೆಯಾದದ್ದಕ್ಕೆ ಕಾರಣ ಜನ ಕೊಳ್ಳುವುದನ್ನೇ ನಿಲ್ಲಿಸಿದ್ದು. 2001ರ ಆಗಸ್ಟ್‌ನಲ್ಲಿ ಅವಧಿಗೆ ಮೊದಲೇ ಐಎಂಎಫ್ ಸಾಲ ಪೂರ್ತಿ ತೀರಿತು.

ಭಾರತ ಯಾಕೆ ಉಳಿಯಿತು

ಭಾರತಕ್ಕೆ ಇದೇ ಪೆಟ್ಟು ಆರು ವರ್ಷ ಮೊದಲು ಬಿದ್ದಿತ್ತು. 1991ರ ಮಾರ್ಚ್‌ನಲ್ಲಿ ನಮ್ಮ ಅಲ್ಪಾವಧಿ ಸಾಲ 8.5 ಬಿಲಿಯನ್, ಆ ವರ್ಷದ ರಫ್ತು ಸುಮಾರು 18 ಬಿಲಿಯನ್. ಅಂದರೆ ಶೇ 47. ಕೊರಿಯಾದ ಅಂಕೆಗೆ ಹೆಚ್ಚುಕಡಿಮೆ ಸಮ. ಚಿನ್ನ ಸೇರಿ ಮೀಸಲು ಇದ್ದದ್ದು 5.8 ಬಿಲಿಯನ್. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರಗೆ ಅಡವಿಡಬೇಕಾಯಿತು. ಆಮೇಲೆ ಸಿ. ರಂಗರಾಜನ್ ನೇತೃತ್ವದ ಸಮಿತಿ ಅಲ್ಪಾವಧಿ ಸಾಲಕ್ಕೆ ಕಡಿವಾಣ ಹಾಕಿ ಅಂತ ಹೇಳಿತು. ಸರ್ಕಾರ ಅದನ್ನು ಪಾಲಿಸಿತು. 1997ರ ಮಾರ್ಚ್‌ಗೆ ಅಲ್ಪಾವಧಿ ಸಾಲ 6.7 ಬಿಲಿಯನ್‌ಗೆ ಇಳಿದಿತ್ತು, ರಫ್ತು 33 ಬಿಲಿಯನ್‌ಗೆ ಏರಿತ್ತು. ಶೇ 20. ಏಷ್ಯಾದ ಬಿರುಗಾಳಿ ಬೀಸಿದಾಗ ರೂಪಾಯಿ ಜಾರಿತು, ಆದರೆ ವಾನ್ ಹಾಗೆ ಕುಸಿಯಲಿಲ್ಲ. ರಫ್ತಿನಲ್ಲಿ ಕೊರಿಯಾದ ಕಾಲು ಭಾಗ ಇದ್ದ ದೇಶ ಅದಕ್ಕಿಂತ ಭದ್ರವಾಗಿ ನಿಂತಿತು. ಇದರಲ್ಲಿ ಬಂಡವಾಳದ ಮೇಲಿನ ನಿರ್ಬಂಧಗಳ ಪಾತ್ರವೂ ಇದೆ. ಆದರೆ ವಾಯಿದೆಯ ಮೇಲೆ ಕಣ್ಣಿಟ್ಟದ್ದೇ ಮುಖ್ಯ ಅಂತ ನಾನು ತಿಳಿದಿದ್ದೇನೆ.

1999ರಲ್ಲಿ ಅರ್ಜೆಂಟೀನಾದ ಅರ್ಥತಜ್ಞ ಪಾಬ್ಲೊ ಗಿಡೋಟಿ ಒಂದು ಸರಳ ನಿಯಮ ಮುಂದಿಟ್ಟರು. ಒಂದು ವರ್ಷ ಯಾರೂ ಹೊಸ ಸಾಲ ಕೊಡದಿದ್ದರೂ ವಾಯಿದೆ ಸಾಲ ತೀರಿಸುವಷ್ಟು ಮೀಸಲು ಇರಬೇಕು ಅನ್ನೋದು ಅದರ ಸಾರ. 1997ರ ಜೂನ್‌ನಲ್ಲಿ ಕೊರಿಯಾದ ಅಲ್ಪಾವಧಿ ಸಾಲ ಮೀಸಲಿನ ಎರಡು ಪಟ್ಟು ಇತ್ತು. ರಫ್ತಿನ ಅನುಪಾತದಲ್ಲಿ ಮುಚ್ಚಿಹೋದದ್ದು ಮೀಸಲಿನ ಅನುಪಾತದಲ್ಲಿ ಎದ್ದು ಕಾಣುತ್ತದೆ.

ಹಡಗು ತಂದ ಸಾಲ

ಪ್ರಕರಣ 2001ಕ್ಕೆ ಮುಗಿಯಲಿಲ್ಲ. 2005ರ ನಂತರ ಕೊರಿಯಾದ ಹಡಗುಕಟ್ಟೆಗಳಿಗೆ ಭಾರೀ ಆರ್ಡರ್ ಬಂದವು. ಹಡಗು ಕಟ್ಟಲು ಎರಡು ಮೂರು ವರ್ಷ ಬೇಕು, ಹಣ ಡಾಲರಿನಲ್ಲಿ ಬರುತ್ತದೆ. ಅಷ್ಟರಲ್ಲಿ ವಾನ್ ಬಲವಾಗಿಬಿಟ್ಟರೆ ನಷ್ಟ. ಅದಕ್ಕೆ ಮುಂದೆ ಬರುವ ಡಾಲರನ್ನು ಹಡಗು ಕಂಪನಿಗಳು ಬ್ಯಾಂಕಿಗೆ ಮುಂಗಡ ದರದಲ್ಲಿ, ಅಂದರೆ ಇವತ್ತೇ ಗೊತ್ತುಮಾಡಿಕೊಂಡ ದರದಲ್ಲಿ ಮಾರಿದವು. ಬ್ಯಾಂಕು ತನ್ನ ಲೆಕ್ಕ ಸರಿದೂಗಿಸಲು ಹೊರಗಿನಿಂದ ಅಲ್ಪಾವಧಿ ಡಾಲರ್ ಸಾಲ ತಂದು ವಾನ್ ಮಾಡಿಕೊಂಡಿತು. ಹೀಗೆ ರಫ್ತು ಬೆಳೆದಷ್ಟೂ ಅಲ್ಪಾವಧಿ ಸಾಲವೂ ಬೆಳೆಯಿತು. 2005ರ ಕೊನೆಗೆ ಸುಮಾರು 66 ಬಿಲಿಯನ್ ಇದ್ದದ್ದು 2008ರ ಸೆಪ್ಟೆಂಬರ್‌ಗೆ 190 ಬಿಲಿಯನ್ ಹತ್ತಿರ ಹೋಯಿತು. ಈ ಸಲ ಮೀಸಲು ಸುಮಾರು 240 ಬಿಲಿಯನ್ ಇತ್ತು. ಆದರೂ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಮೇಲೆ ವಾನ್ ತತ್ತರಿಸಿತು. ಅಕ್ಟೋಬರ್ 30ರಂದು ಅಮೆರಿಕದ ಫೆಡರಲ್ ರಿಸರ್ವ್ 30 ಬಿಲಿಯನ್ ಡಾಲರಿನ ವಿನಿಮಯ ಒಪ್ಪಂದ, ಅಂದರೆ ವಾನ್ ಕೊಟ್ಟು ಡಾಲರ್ ಪಡೆಯುವ ಒಪ್ಪಂದ ಮಾಡಿಕೊಂಡ ಮೇಲೆಯೇ ಸ್ವಲ್ಪ ಉಸಿರಾಡಲು ಆದದ್ದು.

ಎರಡನೇ ಸಲ ಪೆಟ್ಟು ತಿಂದ ಮೇಲೆ ಕೊರಿಯಾ ಮೂಲಕ್ಕೇ ಕೈ ಹಾಕಿತು. 2010ರಲ್ಲಿ ಬ್ಯಾಂಕುಗಳ ಮುಂಗಡ ಡಾಲರ್ ವ್ಯವಹಾರಕ್ಕೆ ಬಂಡವಾಳದ ಲೆಕ್ಕದಲ್ಲಿ ಮಿತಿ ಹಾಕಿತು. 2011ರ ಆಗಸ್ಟ್‌ನಿಂದ ಬ್ಯಾಂಕುಗಳ ವಿದೇಶಿ ಸಾಲದ ಮೇಲೆ ಸುಂಕ ಜಾರಿಗೆ ಬಂತು. ಒಂದು ವರ್ಷದೊಳಗಿನ ಸಾಲಕ್ಕೆ ಶೇ 0.2. ಮೂರು ವರ್ಷದವರೆಗೆ ಶೇ 0.1, ಐದು ವರ್ಷದವರೆಗೆ ಶೇ 0.05, ಅದಕ್ಕೂ ದೀರ್ಘವಾದರೆ ಶೇ 0.02. 1990ರ ದಶಕದಲ್ಲಿ ಅಲ್ಪಾವಧಿ ಸಾಲಕ್ಕೆ ಬಾಗಿಲು ಅಗಲವಾಗಿ ತೆರೆದಿದ್ದ ದೇಶದಲ್ಲಿ 2011ರಲ್ಲಿ ವಾಯಿದೆ ಚಿಕ್ಕದಾದಷ್ಟೂ ಸುಂಕ ಜಾಸ್ತಿಯಾಯಿತು.